ಗ್ರಾಮಫೋನಿನ ಸೂತ್ರಧಾರರು

ಸ್ಮೃತಿಯನ್ನು ಪ್ರಮಾಣವೆಂದು ನಮ್ಮ ತಾರ್ಕಿಕರು ಒಪ್ಪುವುದಿಲ್ಲ. ಅನುಭವವು ಯಥಾರ್ಥವಾಗಿದ್ದರೆ ಅದರಿಂದ ಹುಟ್ಟಿದ ಸ್ಮೃತಿಯೂ ಯಥಾರ್ಥ. ಅನುಭವವು ತಪ್ಪಾಗಿದ್ದರೆ ಸ್ಮೃತಿಯೂ ತಪ್ಪು. ತನ್ನ ಕಾಲ ಮೇಲೆ ತಾನೇ ನಿಲ್ಲತಕ್ಕ ಶಕ್ತಿ ಅದಕ್ಕಿಲ್ಲವೆಂಬುದು ಅವರ ಮತ. ಆದುದರಿಂದ ಆತ್ಮಕಥನಗಳನ್ನು ಓದತಕ್ಕವರು, ಗ್ರಂಥಕರ್ತನ ಮಾತಿಗೆ ಮೂಲವಾದ ಅನುಭವವು ಎಂತಹುದಿದ್ದೀತೆಂದು ಪದೇಪದೇ ಕೇಳಿಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರವು ದೊರೆಯದು. ಕಳೆದುಹೋದ ದಿನವು ಸಾಕ್ಷಿ ನುಡಿಯಲು ಹಿಂದಿರುಗಿ ಬರುವುದಿಲ್ಲ. ಆದರೆ ಒಂದು ಜಾತಿಯ ಸ್ಮೃತಿಗ್ರಂಥಗಳ ವಿಷಯದಲ್ಲಿ ಆ ದಿನವೇ ಒಂದು ತಟ್ಟೆಯ ರೂಪದಲ್ಲಿ ಉಳಿದುಬಂದಿದೆ. ಇಂಗ್ಲೆಂಡಿನ ಗ್ರಾಮಫೋನ್ ಸಂಸ್ಥೆಗಳಲ್ಲಿ ಕೆಲಸಮಾಡಿ, ತಾವು ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟವರ ಪುಸ್ತಕಗಳೇ ಅವು. ಗ್ರಂಥಕರ್ತನು ಯಾವ ಗಾನವನ್ನು ಹೊಗಳುವನೋ ಆ ಗಾನವನ್ನು ವಾಚಕನು ಮನೆಯಲ್ಲಿ ಕುಳಿತು ಕೇಳಬಹುದು. ನೆನಪನ್ನೂ ನೆನೆದ ವಸ್ತುವನ್ನೂ ಎದುರುಬದುರಾಗಿ ಇರಿಸಿ ತೂಗಬಹುದು. ಇಂತಹ ಅನುಕೂಲವು ವಿಮರ್ಶೆಗೆ ಬೇರೆಡೆಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಈ ಗ್ರಂಥಕರ್ತರ ಸ್ಥಾನವು ನಮ್ಮ ಸಂಸ್ಕೃತ ನಾಟಕಗಳ ಸೂತ್ರಧಾರನ ಸ್ಥಾನವನ್ನು ಹೋಲುತ್ತದೆ. ಸೂತ್ರಧಾರನು ನಾಂದಿಯಾದ ಬಳಿಕ ಬಂದು, ನಟಿಯೊಡನೆ ನಾಲ್ಕು ಮಾತನಾಡಿ, ಪಾತ್ರಗಳನ್ನು ರಂಗಕ್ಕೆ ಬಿಟ್ಟು ತಾನು ಮರೆಯಾಗುತ್ತಾನೆ. ಪ್ರೇಕ್ಷಕರು ದುಷ್ಯಂತನನ್ನೂ ಶಕುಂತಲೆಯನ್ನೂ ನೆನೆಯುವರೇ ಹೊರತು ಅವನನ್ನು ನೆನೆಯರು. ಧ್ವನಿಮುದ್ರಣವನ್ನು ಮಾಡಿಸತಕ್ಕವನ ಗತಿಯೂ ಅದೇ. ತಟ್ಟೆಯ ಮೇಲೆ ಗಾಯಕನ ಹೆಸರುಂಟು, ಸಂಸ್ಥೆಯ ಲಾಂಛನವುಂಟು. ಯಾರನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟನೆಯ ಸಲದ ಹಾಡನ್ನು ಆರಿಸಿಕೊಳ್ಳಬೇಕು ಎಂದು ನಿರ್ಣಯಿಸಿದವನ ಹೆಸರು ಬಹುಕಾಲ ಅಲ್ಲಿ ಇರಲಿಲ್ಲ. ಭರತವಾಕ್ಯವು ಮುಗಿದು ದೀಪಗಳು ಆರಿದ ಮೇಲೆ ಸೂತ್ರಧಾರನು ಮತ್ತೆ ರಂಗಕ್ಕೆ ಬಂದು ತನ್ನ ಕಥೆಯನ್ನು ಹೇಳಿದರೆ ಹೇಗೋ ಹಾಗಿವೆ ಈ ಪುಸ್ತಕಗಳು. ಅವನ ಮಾತಿನಲ್ಲಿ ಸತ್ಯವೆಷ್ಟು, ಆತ್ಮಪ್ರಶಂಸೆಯೆಷ್ಟು, ತನಗಿಂತಲೂ ಹಿಂದೆ ನಿಂತವರನ್ನು ಅವನು ನೆನೆದನೆ ಇಲ್ಲವೆ ಎಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ. ಇಂತಹವರಲ್ಲಿ ಮುಖ್ಯರಾದ ನಾಲ್ವರನ್ನು ಒಟ್ಟಿಗೆ ಓದಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ: ಒಬ್ಬೊಬ್ಬನೂ ತಾನು ಧ್ವನಿಯನ್ನು ಯಾವ ರೀತಿಯಲ್ಲಿ ಮುದ್ರಿಸಿದನೋ ನೆನಪನ್ನೂ ಅದೇ ರೀತಿಯಲ್ಲಿ ಮುದ್ರಿಸಿದ್ದಾನೆ.

ಮೊದಲನೆಯವನು ಫ್ರೆಡ್ ಗೈಸ್‌ಬರ್ಗ್. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1873ರಲ್ಲಿ ಹುಟ್ಟಿ, ತಟ್ಟೆಯ ಗ್ರಾಮಫೋನನ್ನು ನಿರ್ಮಿಸಿದ ಎಮಿಲ್ ಬರ್ಲಿನರನ ಬಳಿ ಕೆಲಸ ಕಲಿತು, 1898ರಲ್ಲಿ ಲಂಡನ್ನಿಗೆ ಬಂದು, ಮೇಡನ್ ಲೇನ್ ಎಂಬ ಬೀದಿಯ ನೆಲಮಾಳಿಗೆಯೊಂದರಲ್ಲಿ ಧ್ವನಿಮುದ್ರಣವನ್ನು ಆರಂಭಿಸಿದವನು ಅವನು. ‘ದಿ ಮ್ಯೂಸಿಕ್ ಗೋಸ್ ರೌಂಡ್’ ಎಂಬ ಅವನ ಸ್ಮೃತಿಗ್ರಂಥವು 1942ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ವಿದ್ಯುತ್ತಿನ ನೆರವಿಲ್ಲದ ಆ ಕಾಲದಲ್ಲಿ ಗಾಯಕನು ಒಂದು ದೊಡ್ಡ ಕಹಳೆಯೊಳಕ್ಕೆ ಹಾಡಬೇಕಾಗಿತ್ತು. ಅವನ ಧ್ವನಿಯ ಬಲದಿಂದಲೇ ಒಂದು ತೆಳುವಾದ ಪೊರೆಯು ಕಂಪಿಸಿ, ಅದಕ್ಕೆ ಸೇರಿದ ಸೂಜಿಯು ತಿರುಗುವ ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ತಾರಸ್ವರ ಬಂದಾಗ ಹಿಂದಕ್ಕೆ ಸರಿಯದಿದ್ದರೆ ಗೆರೆಯು ಕೆಡುವುದು. ಮಂದ್ರಕ್ಕಿಳಿದಾಗ ಮುಂದಕ್ಕೆ ಬಾರದಿದ್ದರೆ ಗೆರೆಯೇ ಮೂಡದು. ಇಂತಹ ಸಾಧನವನ್ನು ಹೊತ್ತುಕೊಂಡು ಗೈಸ್‌ಬರ್ಗನು ಯೂರೋಪಿನಲ್ಲಿಯೂ ರಷ್ಯದಲ್ಲಿಯೂ ಭಾರತ ಜಪಾನುಗಳಲ್ಲಿಯೂ ಸಂಚರಿಸಿದನು. ತಮ್ಮ ಕೆಲಸವು ಧ್ವನಿಯ ಛಾಯಾಚಿತ್ರಗಳನ್ನು ಆದಷ್ಟು ಹೆಚ್ಚಾಗಿ ತೆಗೆಯುವುದೆಂಬುದು ಅವನ ಸಿದ್ಧಾಂತವಾಗಿತ್ತು. ಅವನ ಪುಸ್ತಕವೂ ಛಾಯಾಚಿತ್ರಗಳ ಸಂಪುಟದಂತೆಯೇ ಇದೆ. ಒಂದೊಂದು ಪುಟವೂ ಸ್ಫುಟ. ಆದರೆ ಪುಟಪುಟಗಳ ನಡುವೆ ಸಂಬಂಧವು ಅಲ್ಪ.

ಈ ಸ್ಫುಟತೆಯೂ ಸರ್ವತ್ರ ನಂಬತಕ್ಕುದಲ್ಲ. ಇಟಲಿಯ ಗಾಯಕ ಎನ್ರಿಕೊ ಕರೂಸೊ ಮಿಲಾನ್ ನಗರದ ಹೋಟೆಲೊಂದರಲ್ಲಿ 100 ಪೌಂಡಿಗೆ 10 ಹಾಡುಗಳನ್ನು ಹಾಡಿದ ಪ್ರಸಂಗವು ಈ ಪುಸ್ತಕದ ಸುಪ್ರಸಿದ್ಧ ಭಾಗ. ಅಷ್ಟು ಹಣವನ್ನು ಕೊಡಕೂಡದೆಂದು ಲಂಡನ್ನಿನಿಂದ ತಂತಿ ಬಂದರೂ ಗೈಸ್‌ಬರ್ಗನು ಅದನ್ನು ಲೆಕ್ಕಿಸದೆ ಮುಂದುವರಿದನೆಂದು ಕಥೆ. ಇದು 1902ರ ಮಾರ್ಚಿಯಲ್ಲಿ ನಡೆಯಿತೆಂದು ಬಹುಕಾಲ ಹೇಳಿಕೊಂಡು ಬಂದರು. ಏಪ್ರಿಲ್ 11ರಂದು ನಡೆಯಿತೆಂದು ಅನಂತರದ ಸಂಶೋಧಕರು ನಿಶ್ಚಯಿಸಿದರು. ದಿನವೊಂದು ಹಿಂದೆ ಮುಂದೆ ಆದರೆ ಹಾಡಿಗೆ ಊನವಿಲ್ಲ, ನಿಜ. ಆದರೂ 40 ವರ್ಷಗಳ ಮೇಲೆ ಬರೆದ ನೆನಪು ಎಷ್ಟೇ ಥಳಥಳಿಸಿದರೂ ಅದನ್ನು ಒರೆಗೆ ಹಚ್ಚದೆ ಸ್ವೀಕರಿಸಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಿಲ್ಲ.

ಅದೇ 1902ರಲ್ಲಿ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಐನೂರಕ್ಕೂ ಮಿಕ್ಕ ಮುದ್ರಣಗಳನ್ನು ಮಾಡಿದನು. ಈ ಭಾಗದಲ್ಲಿ ಅವನ ಪ್ರಾಮಾಣಿಕತೆಯು ಮೆಚ್ಚತಕ್ಕುದಾಗಿದೆ. ಅಲ್ಲಿ ನೆಲಸಿದ್ದ ಇಂಗ್ಲಿಷರು ತಮ್ಮದೇ ಆದ ಆವರಣವೊಂದನ್ನು ಕಟ್ಟಿಕೊಂಡು ದೇಶದ ಸಂಗೀತಕ್ಕೆ ಕಿವಿಗೊಡದೆ ಬಾಳುತ್ತಿದ್ದರೆಂದು ಅವನು ಆಕ್ಷೇಪಿಸುತ್ತಾನೆ. ತಾನು ಕಲಿತಿದ್ದ ಸಂಗೀತದ ಅಡಿಪಾಯವೇ ಇಲ್ಲಿ ಅಲುಗಾಡಿತೆಂದು ಒಪ್ಪಿಕೊಳ್ಳುತ್ತಾನೆ. ಹಾಗಿದ್ದರೂ ಗೌಹರ್ ಜಾನಳನ್ನು ವರ್ಣಿಸುವಾಗ ಅವನ ಕಣ್ಣಿಗೆ ಇರುವ ಚುರುಕು ಕಿವಿಗೆ ಇಲ್ಲ. ಆಕೆಯು ಬಂದಾಗಲೆಲ್ಲ ಹೊಸ ಉಡುಪು, ಒಮ್ಮೆ ತೊಟ್ಟ ಒಡವೆಯನ್ನು ಇನ್ನೊಮ್ಮೆ ತೊಡಳು, ತನ್ನ ಬೆಲೆಯನ್ನು ತಾನು ಬಲ್ಲವಳು ಎಂಬ ವಿವರಗಳು ಉಂಟು. ಒಡವೆಗೆ ಸಂದ ಗಮನವು ರಾಗಕ್ಕೆ ಸಂದಿಲ್ಲ. ಛಾಯಾಗ್ರಾಹಕನಿಗೆ ರೂಪವೇ ಪ್ರಧಾನವಷ್ಟೆ.

ಆದರೆ ಇಲ್ಲಿ ತಟ್ಟೆಯೇ ಪುಸ್ತಕವನ್ನು ತಿದ್ದುತ್ತದೆ. ಹಾಡು ಮುಗಿಯುತ್ತಲೇ ಗೌಹರ್ ಜಾನಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಘೋಷಿಸುತ್ತಾಳೆ. ಮೇಣದ ಮೂಲಗಳನ್ನು ಆಗ ಜರ್ಮನಿಯ ಹಾನೋವರ್ ನಗರಕ್ಕೆ ಕಳುಹಿಸಿ ತಟ್ಟೆಗಳನ್ನು ಒತ್ತಿಸಬೇಕಾಗಿತ್ತು. ಕಲ್ಕತ್ತೆಯಲ್ಲಿ ಕಾರ್ಖಾನೆಯಾದುದು 1908ರಲ್ಲಿ. ಭಾಷೆಯರಿಯದ ಹಾನೋವರಿನ ಕೆಲಸಗಾರರು ಗಾಯಕರನ್ನು ಗುರುತಿಸಲೆಂದು ಈ ಏರ್ಪಾಡನ್ನು ಮಾಡಿದ್ದರು. ಹೀಗೆ ವ್ಯಾಪಾರದ ಅನುಕೂಲಕ್ಕಾಗಿ ಹುಟ್ಟಿದ ಆ ಮೂರು ನಾಲ್ಕು ಶಬ್ದಗಳು ಈಗ ಒಂದು ಆತ್ಮಕಥೆಯಂತೆ ಕೇಳಿಸುತ್ತವೆ. ಗೈಸ್‌ಬರ್ಗನು ಹುಟ್ಟಿದ 1873ರಲ್ಲಿಯೇ ಹುಟ್ಟಿದ ಆಕೆಯು, ಕೊನೆಗಾಲದಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಸ್ಥಾನ ವಿದುಷಿಯಾಗಿದ್ದು, 1930ರ ಜನವರಿಯಲ್ಲಿ ತೀರಿಕೊಂಡಳು. ತನ್ನ ಜೀವನವನ್ನು ಬರೆದಿಡಲು ಗೈಸ್‌ಬರ್ಗನಿಗೆ ಮುದ್ರಣಾಲಯವು ದೊರೆಯಿತು; ಆಕೆಗೆ ದೊರೆತುದು ತಟ್ಟೆಯ ಅಂಚಿನಲ್ಲಿ ಒಂದೆರಡು ಅಂಗುಲ.

ಎರಡನೆಯವನು ವಾಲ್ಟರ್ ಲೆಗ್. 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವನು 1979ರಲ್ಲಿ ಕಾಲವಾದನು. ಅವನ ಬರಹಗಳನ್ನೂ ತನ್ನ ನೆನಪುಗಳನ್ನೂ ಸೇರಿಸಿ ಅವನ ಪತ್ನಿ, ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್, ‘ಆನ್ ಅಂಡ್ ಆಫ್ ದಿ ರೆಕಾರ್ಡ್’ ಎಂಬ ಗ್ರಂಥವನ್ನು 1982ರಲ್ಲಿ ಹೊರತಂದಳು. ಗೈಸ್‌ಬರ್ಗನ ಛಾಯಾಚಿತ್ರದ ಸಿದ್ಧಾಂತವನ್ನು ಲೆಗ್ ಖಂಡಿಸುತ್ತಾನೆ. ಸಭೆಯಲ್ಲಿ ನಡೆದುದನ್ನು ಇದ್ದಂತೆ ಹಿಡಿದಿಡುವುದು ಸಾಲದು, ಸಭೆಯಲ್ಲಿ ಸಾಧಿಸಲಾಗದ ಪೂರ್ಣತೆಯನ್ನು ತಟ್ಟೆಯಲ್ಲಿ ಸಾಧಿಸಬೇಕು ಎಂಬುದು ಅವನ ಮತ. ಈ ಕೆಲಸದಲ್ಲಿ ತಾನೇ ಮೊದಲಿಗನೆಂದು ಹೇಳಿಕೊಳ್ಳಲು ಅವನಿಗೆ ಸಂಕೋಚವಿಲ್ಲ. 1945ರಲ್ಲಿ ಫಿಲ್ಹಾರ್ಮೋನಿಯ ಎಂಬ ವಾದ್ಯವೃಂದವನ್ನು ಅವನು ಸ್ಥಾಪಿಸಿದುದೂ ಈ ಉದ್ದೇಶದಿಂದಲೇ.

ಚಿತ್ರವನ್ನು ತಿದ್ದಿ ತೀಡತಕ್ಕವನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡ್’ ಎಂಬ ಸಂಗೀತ ನಾಟಕವನ್ನು ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ 1952ರಲ್ಲಿ ಲಂಡನ್ನಿನಲ್ಲಿ ಮುದ್ರಿಸಿದಾಗ, ನಾಯಿಕೆಯಾಗಿ ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಟ್. ಆಗ ಆಕೆಗೆ ವಯಸ್ಸಾಗಿತ್ತು. ಅತಿತಾರದ ಎರಡು ಸ್ವರಗಳನ್ನು ಆಕೆಯ ಬದಲಾಗಿ ಶ್ವಾರ್ಟ್ಸ್‌ಕೋಫ್ ಹಾಡಿದಳು. ಕೇಳುಗರಿಗೆ ಇದು ತಿಳಿಯದಂತೆ ಜೋಡಿಸಲಾಗಿತ್ತು. ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಟಳ ಮನಸ್ಸು ನೊಂದಿತು. ಇಲ್ಲಿ ತರ್ಕವು ತಲೆಕೆಳಗಾಗುತ್ತದೆ. ನೆನಪನ್ನು ತಟ್ಟೆಯಿಂದ ಪರೀಕ್ಷಿಸಬಹುದೆಂದು ಮೊದಲು ಹೇಳಿದುದಾಯಿತು. ಈಗ ತಟ್ಟೆಯನ್ನೇ ನೆನಪಿನಿಂದ ಪರೀಕ್ಷಿಸಬೇಕಾಗಿ ಬಂದಿದೆ. ತಟ್ಟೆಯು ಅಕ್ಷರಶಃ ಶಬ್ದಪ್ರಮಾಣವೇ ಸರಿ. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ನುಡಿದವನು ಆಪ್ತನಾಗಿರಬೇಕೆಂದು ಶಾಸ್ತ್ರವು ವಿಧಿಸುತ್ತದೆ. ತಟ್ಟೆಯ ಹಿಂದಣ ಆಪ್ತನು ಯಾರು? ಗಾಯಕಿಯಲ್ಲ, ಯಂತ್ರವಲ್ಲ, ಮುದ್ರಣವನ್ನು ಮಾಡಿಸಿದವನೇ. ಈ ಸ್ಮೃತಿಗ್ರಂಥಗಳು ಹರಟೆಯ ಪುಸ್ತಕಗಳೆಂದು ತಳ್ಳಿಹಾಕತಕ್ಕವಲ್ಲ ಎಂಬುದಕ್ಕೆ ಇದೇ ಕಾರಣ.

ಲೆಗ್ಗನ ನೆನಪುಗಳಲ್ಲಿ ಕನ್ನಡಿಗರ ಕುತೂಹಲವನ್ನು ಕೆರಳಿಸುವ ಭಾಗವು ಮೈಸೂರಿನದು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಡ್ಟ್‌ನರನ ಕೃತಿಗಳನ್ನು ಮುದ್ರಿಸಲು ಜಯಚಾಮರಾಜೇಂದ್ರ ಒಡೆಯರು ದ್ರವ್ಯಸಹಾಯವನ್ನು ಮಾಡಿದರು. 1947ರಲ್ಲಿ ಅವನ ಮೂರು ಪಿಯಾನೊ ಕಂಚೆರ್ಟೊಗಳ ಮುದ್ರಣವಾಯಿತು, ರೋಗಪೀಡಿತನಾದ ಮೆಡ್ಟ್‌ನರನೇ ಪಿಯಾನೊ ನುಡಿಸಿದನು. ಮೂರನೆಯ ಕೃತಿಯನ್ನು ಅವನು ಮಹಾರಾಜರಿಗೆ ಅರ್ಪಿಸಿದ್ದಾನೆ. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳನ್ನು ತನ್ನ ವಾದ್ಯವೃಂದಕ್ಕೆ ಕೊಡಲು ಅವರು ಒಪ್ಪಿದರೆಂದು ಲೆಗ್ ಬರೆಯುತ್ತಾನೆ. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೊಗಳು, ಇವೆಲ್ಲ ಅವನ ಕಣ್ಣನ್ನು ಕೋರೈಸಿವೆ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಪ್ರಥಮವಾಗಿ ಪ್ರದರ್ಶಿತವಾದುದಕ್ಕೂ ಮಹಾರಾಜರ 4,800 ಡಾಲರುಗಳ ಭರವಸೆಯು ಬೆಂಬಲವಾಗಿತ್ತು. ಹಾಡಿದವಳು ಅದೇ ಫ್ಲಾಗ್‌ಸ್ಟಾಟ್. ಆ ದಿನದ ಮುದ್ರಣವನ್ನು ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು.

ಲೆಗ್ಗನ ಬರಹದಲ್ಲಿ ಮಹಾರಾಜರು ಒಬ್ಬ ಉದಾರ ದಾತರಾಗಿ ಮೂಡಿದ್ದಾರೆ. ಅವರು ಶ್ರೀವಿದ್ಯಾ ಎಂಬ ಅಂಕಿತದಿಂದ ಕರ್ಣಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮಿಕ್ಕ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ಕನ್ನಡದ ವಾಚಕರು ಜೊತೆಗಿಟ್ಟುಕೊಂಡು ಓದಿದರೆ ಆ ಚಿತ್ರವು ಪೂರ್ಣವಾಗುತ್ತದೆ. ದಾತನೂ ರಸಿಕನೂ ಸ್ರಷ್ಟನೂ ಒಬ್ಬನೇ ಆದುದು ಸಾಮಾನ್ಯವಲ್ಲ. ತಿದ್ದುವ ಕೈ ತನ್ನ ಪ್ರಯೋಜನಕ್ಕೆ ಬೇಕಾದ ಗೆರೆಗಳನ್ನು ದಪ್ಪಮಾಡುತ್ತದೆ, ಉಳಿದವನ್ನು ಮಸುಕುಗೊಳಿಸುತ್ತದೆ. ಲೆಗ್ಗನ ಗ್ರಂಥದ ಸೌಂದರ್ಯವೂ ದೋಷವೂ ಇದೇ. 1964ರಲ್ಲಿ ಅವನು ತನ್ನ ವಾದ್ಯವೃಂದವನ್ನು ನಿಲ್ಲಿಸಿಬಿಡುವೆನೆಂದು ಸಾರಿದಾಗ, ವಾದಕರು ತಾವೇ ಒಂದುಗೂಡಿ ಅದನ್ನು ಉಳಿಸಿಕೊಂಡರು. ಕಟ್ಟಿದವನಿಗಿಂತ ಕಟ್ಟಡವು ಹೆಚ್ಚು ಕಾಲ ಬಾಳಿತು.

ಮೂರನೆಯವನಾದ ಜಾನ್ ಕಲ್‌ಷಾ ಲೆಗ್ಗನ ಪ್ರತಿಸ್ಪರ್ಧಿ, ಡೆಕ್ಕಾ ಸಂಸ್ಥೆಯವನು. ವಾಗ್ನರನ ‘ನಿಬೆಲುಂಗನ ಉಂಗುರ’ ಎಂಬ ನಾಲ್ಕು ನಾಟಕಗಳ ಮಾಲೆಯನ್ನು 1958ರಿಂದ 1965ರ ವರೆಗೆ, ಗೆಯೋರ್ಗ್ ಶೋಲ್ಟಿಯ ನಿರ್ದೇಶನದಲ್ಲಿ, ವಿಯೆನ್ನದ ಸೋಫಿಯನ್‌ಸಾಲ್ ಎಂಬ ಸಭಾಂಗಣದಲ್ಲಿ ಮುದ್ರಿಸಿದ ಸಾಹಸದ ಕಥೆಯೇ 1967ರಲ್ಲಿ ಪ್ರಕಟವಾದ ಅವನ ‘ರಿಂಗ್ ರಿಸೌಂಡಿಂಗ್’. ಮೊದಲ ನಾಟಕವನ್ನು ಮುಗಿಸಿದಾಗ ಲೆಗ್ ಅವನಿಗೆ, ಕೆಲಸವೇನೋ ಚೆನ್ನಾಗಿದೆ, ಆದರೆ ಒಂದೂ ಮಾರಾಟವಾಗದು ಎಂಬ ಅರ್ಥದ ಮಾತನ್ನಾಡಿದನಂತೆ. ಭವಿಷ್ಯವು ಸುಳ್ಳಾಯಿತು; ಅದು ಅಪಾರವಾಗಿ ಮಾರಾಟವಾಯಿತು.

ಕಲ್‌ಷಾನಿಗೆ ತಟ್ಟೆಯೆಂಬುದು ಛಾಯಾಚಿತ್ರವೂ ಅಲ್ಲ, ತಿದ್ದಿದ ಚಿತ್ರವೂ ಅಲ್ಲ; ಕೇಳುಗನ ಮನಸ್ಸಿನಲ್ಲಿ ಕಟ್ಟತಕ್ಕ ರಂಗಭೂಮಿ. ವಾಗ್ನರನು 18 ಅಡಿಗಲ್ಲುಗಳ ಸದ್ದನ್ನು ಬೇಡಿದ್ದರೆ, ಇವನು 18 ನಿಜವಾದ ಅಡಿಗಲ್ಲುಗಳನ್ನೇ ಹುಡುಕಿ ತರಿಸಿದನು. ಅವನ ಗದ್ಯವೂ ನಾಟಕೀಯ: ಸಂಕಟ, ವಿಳಂಬ, ಅನಿರೀಕ್ಷಿತ ಪರಿಹಾರ. ಹಾಸ್ಯಕ್ಕೂ ಕೊರತೆಯಿಲ್ಲ. 1964ರ ಮುದ್ರಣದ ವೇಳೆ ಬಿರ್ಗಿಟ್ ನಿಲ್ಸನ್ ಎಂಬ ಗಾಯಕಿಯನ್ನು ಚಕಿತಗೊಳಿಸಲೆಂದು, ಕಥೆಯಲ್ಲಿ ಬರುವ ಕುದುರೆಗೆ ಬದಲಾಗಿ ಜೀವಂತ ಕುದುರೆಯನ್ನೇ ಸಭಾಂಗಣದೊಳಕ್ಕೆ ನಡೆಸಿಕೊಂಡು ಬಂದರು. ಆ ಮುದ್ರಣವನ್ನು ಕುರಿತು ಬಿ.ಬಿ.ಸಿ.ಯವರು ತೆಗೆದ ಚಲಚ್ಚಿತ್ರದಲ್ಲಿ ಕುದುರೆಯೂ ಇರುವುದರಿಂದ ಇದನ್ನು ಉತ್ಪ್ರೇಕ್ಷೆಯೆನ್ನುವಂತಿಲ್ಲ. ಲೆಗ್ಗನ ತಟ್ಟೆಯಲ್ಲಿ ಎರಡು ಸ್ವರಗಳನ್ನು ಎರವಲು ಪಡೆದ ಫ್ಲಾಗ್‌ಸ್ಟಾಟಳು 1958ರಲ್ಲಿ ಇವನ ಬಳಿ ದೇವತೆ ಫ್ರಿಕಳ ಪಾತ್ರವನ್ನು ಹಾಡಿದಳು. ಆಕೆಯನ್ನು ಕಲ್‌ಷಾ ನೆನೆಯುವ ಪುಟಗಳಲ್ಲಿ ಇರುವ ವಾತ್ಸಲ್ಯವು ಇಡೀ ಗ್ರಂಥಕ್ಕೆ ಶೋಭೆಯನ್ನು ತಂದಿದೆ. ಮುದ್ರಣಯಂತ್ರದ ಬಳಿ ಕುಳಿತ ಸಹೋದ್ಯೋಗಿಗಳನ್ನೂ ಅವನು ಹೆಸರಿಸಿ ಸ್ಮರಿಸುತ್ತಾನೆ. 1980ರಲ್ಲಿ ಅವನು ತೀರಿಕೊಂಡ ಮೇಲೆ, 1981ರಲ್ಲಿ, ಹೊರಬಂದ ‘ಪುಟಿಂಗ್ ದಿ ರೆಕಾರ್ಡ್ ಸ್ಟ್ರೇಟ್’ ಎಂಬ ಎರಡನೆಯ ಪುಸ್ತಕದಲ್ಲಿ ಕಹಿಯು ಹೆಚ್ಚು. ಮೊದಲನೆಯದು ಕೆಲಸವನ್ನು ನೆನೆಯುತ್ತದೆ, ಎರಡನೆಯದು ಅಸಮಾಧಾನವನ್ನು ನೆನೆಯುತ್ತದೆ. ರಸದ ದೃಷ್ಟಿಯಿಂದ ಮೊದಲನೆಯದೇ ಮೇಲು.

ಅಸಮಾಧಾನಕ್ಕೆ ಕಾರಣಗಳಿರಲಿಲ್ಲವೆಂದಲ್ಲ. ಬೀಟಲ್ಸ್ ಎಂಬ ತರುಣರ ಹಾಡುಗಳನ್ನು ಮುದ್ರಿಸಿದ ಜಾರ್ಜ್ ಮಾರ್ಟಿನ್ 1979ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥದಲ್ಲಿ ಇಂತಹುದೇ ಮಾತು ಬರುತ್ತದೆ. 1963ರಲ್ಲಿ ಅವನು ಸಿದ್ಧಪಡಿಸಿದ ಹಾಡುಗಳು 37 ವಾರಗಳ ಕಾಲ ಮಾರಾಟದಲ್ಲಿ ಪ್ರಥಮಸ್ಥಾನದಲ್ಲಿದ್ದವು; ಅವನಿಗೆ ಸಂದುದು ಗೊತ್ತಾದ ಸಂಬಳ ಮಾತ್ರ. 1965ರಲ್ಲಿ ಅವನು ಹೊರಬಂದು ಸ್ವಂತ ಸಂಸ್ಥೆಯನ್ನು ಕಟ್ಟಿದನು. ಕರ್ಮಕ್ಕೆ ಅಧಿಕಾರವುಂಟು, ಫಲಕ್ಕಿಲ್ಲ ಎಂಬ ಉಪದೇಶವು ಸಾಧಕನು ತನಗೆ ತಾನು ಹೇಳಿಕೊಳ್ಳತಕ್ಕುದೇ ಹೊರತು, ಯಜಮಾನನು ನೌಕರನಿಗೆ ಹೇಳತಕ್ಕುದಲ್ಲ.

ಕೊನೆಯವನು ಸುವಿ ರಾಜ್ ಗ್ರಬ್. ಅವನು ದಕ್ಷಿಣ ಭಾರತದವನು. 1917ರಲ್ಲಿ ಹುಟ್ಟಿ, ಪಾಶ್ಚಾತ್ಯ ಸಂಗೀತವನ್ನು ಈ ದೇಶದಲ್ಲಿದ್ದುಕೊಂಡೇ ಮನನ ಮಾಡಿ, 1950ರ ದಶಕದಲ್ಲಿ ಲಂಡನ್ನಿಗೆ ಹೋಗಿ, ಫಿಲ್ಹಾರ್ಮೋನಿಯದ ಗಾಯಕವೃಂದದಲ್ಲಿ ಹವ್ಯಾಸಿಯಾಗಿ ಹಾಡುತ್ತಿದ್ದನು. ಲೆಗ್ ಅವನ ಸಂಗೀತಜ್ಞಾನವನ್ನು ಪ್ರಶ್ನೆಗಳಿಂದ ಪರೀಕ್ಷಿಸಿ, 1960ರಲ್ಲಿ ತನ್ನ ಸಹಾಯಕನನ್ನಾಗಿ ತೆಗೆದುಕೊಂಡನು. ಲೆಗ್ ಸಂಸ್ಥೆಯನ್ನು ಬಿಟ್ಟ ಬಳಿಕ, ವೃದ್ಧನೂ ಉಗ್ರನೂ ಆದ ಒಟ್ಟೊ ಕ್ಲೆಂಪರರನ ಮುದ್ರಣಗಳ ಹೊಣೆಯು ಇವನ ಮೇಲೆ ಬಿದ್ದಿತು. 1967ರಲ್ಲಿ ಕ್ಲೆಂಪರರನೂ ತರುಣ ಡೇನಿಯಲ್ ಬೇರೆನ್‌ಬಾಯಿಮನೂ ಸೇರಿ ಬೇಥೋವನನ ಪಿಯಾನೊ ಕಂಚೆರ್ಟೊಗಳನ್ನು ನುಡಿಸಿದಾಗ, ಒಂದು ಕಡೆ ಎಂಬತ್ತು ದಾಟಿದವನ ನಿಧಾನವನ್ನೂ ಇನ್ನೊಂದು ಕಡೆ ಇಪ್ಪತ್ತೈದು ತುಂಬದವನ ವೇಗವನ್ನೂ ಕಾಪಾಡಬೇಕಾದವನು ಇವನೇ.

1986ರಲ್ಲಿ ಪ್ರಕಟವಾದ ಅವನ ‘ಮ್ಯೂಸಿಕ್ ಮೇಕರ್ಸ್ ಆನ್ ರೆಕಾರ್ಡ್’ ಈ ಗ್ರಂಥಗಳಲ್ಲಿ ಕೀರ್ತಿಯಿಂದ ಕಿರಿದು, ಗುಣದಿಂದ ಹಿರಿದು. ಅದರ ಹೆಸರಿನಲ್ಲಿಯೇ ಅವನ ನಿಲುವು ಪ್ರಕಟವಾಗಿದೆ: ಮುಂದಿರುವವರು ಸಂಗೀತಗಾರರು. ಛಾಯಾಗ್ರಾಹಕನ ಅವಸರವಾಗಲಿ, ತಿದ್ದುವವನ ಅಹಂಕಾರವಾಗಲಿ, ರಂಗವನ್ನು ಕಟ್ಟುವವನ ಆಡಂಬರವಾಗಲಿ ಅವನಲ್ಲಿ ಇಲ್ಲ. ಅವನು ಕೇಳುಗನು. ಎಲ್ಲಿ ಸ್ವರವು ಜಾರಿತು, ಎಲ್ಲಿ ಮತ್ತೊಮ್ಮೆ ನುಡಿಸಿರೆಂದು ಕೇಳಬೇಕಾಯಿತು, ಆ ಮಾತನ್ನು ಮಹಾಕಲಾವಿದನೊಬ್ಬನಿಗೆ ಹೇಳುವುದು ಹೇಗೆ ಎಂಬ ಸೂಕ್ಷ್ಮಗಳು ಅವನಿಗೆ ಸಹಜವಾಗಿ ಒದಗಿಬರುತ್ತವೆ. ತನ್ನ ಗುರುವಾದ ಲೆಗ್ಗನಲ್ಲಿ ಅವನಿಗೆ ಭಕ್ತಿಯುಂಟು. ಭಕ್ತಿಯು ಕಣ್ಣನ್ನು ಕುರುಡುಮಾಡಿಲ್ಲ. ಶಿಷ್ಯನು ಬರೆದ ಗುರುಚಿತ್ರವು ಗುರುವೇ ಬರೆದುಕೊಂಡ ಆತ್ಮಚಿತ್ರಕ್ಕಿಂತ ನಂಬತಕ್ಕುದಾಗಿದೆ. ನಿವೃತ್ತನಾದ ಮೇಲೆ ಗ್ರಬ್ ಭಾರತಕ್ಕೆ ಹಿಂದಿರುಗಿ ಪುಣೆಯಲ್ಲಿ ನೆಲಸಿ, 1999ರಲ್ಲಿ ಕಾಲವಾದನು.

ನಾಲ್ವರನ್ನೂ ಒಟ್ಟಿಗೆ ತೂಗಿದಾಗ, ಈ ಜಾತಿಯ ಗ್ರಂಥಕ್ಕೆ ಎರಡು ಲಕ್ಷಣಗಳನ್ನು ಹೇಳಬಹುದೆಂದು ತೋರುತ್ತದೆ. ತಟ್ಟೆಯು ತಾನಾಗಿ ಹೇಳಲಾರದ ಸಂಗತಿಯನ್ನು ಅದು ಹೇಳಬೇಕು, ಇದು ಜ್ಞಾನ. ತನ್ನನ್ನು ಜಗತ್ತು ಮರೆತಿತೆಂದು ಕೊರಗುವವನು ತಾನು ಮರೆತವರನ್ನು ನೆನೆಯಬೇಕು, ಇದು ಕೃತಜ್ಞತೆ. ಗೈಸ್‌ಬರ್ಗ್, ಲೆಗ್ ಇಬ್ಬರಲ್ಲಿಯೂ ಮೊದಲನೆಯದು ಸಮೃದ್ಧ, ಎರಡನೆಯದು ವಿರಳ. ಕಲ್‌ಷಾನ ಮೊದಲ ಪುಸ್ತಕದಲ್ಲಿಯೂ ಗ್ರಬ್ಬನ ಪುಸ್ತಕದಲ್ಲಿಯೂ ಎರಡೂ ಕೂಡಿವೆ. ಮೇಣವನ್ನು ಕಾಯಿಸಿದವರು, ತಟ್ಟೆಯನ್ನು ಒತ್ತಿದವರು, ಹಾಡಿನ ಹಿಂದೆ ಸಾರಂಗಿ ತಬಲಗಳನ್ನು ನುಡಿಸಿದವರು ಈ ಯಾವ ಗ್ರಂಥದಲ್ಲಿಯೂ ತಕ್ಕ ಸ್ಥಾನವನ್ನು ಪಡೆದಿಲ್ಲ. ಸೂತ್ರಧಾರನಿಗೂ ಹಿಂದೆ ನೇಪಥ್ಯವೊಂದು ಇದ್ದೇ ಇರುತ್ತದೆ.

ಮನೆಯಲ್ಲಿ ಹಳೆಯ ತಟ್ಟೆಗಳನ್ನು ಉಳಿಸಿಕೊಂಡಿರುವ ಗೃಹಸ್ಥರು ಗ್ರಬ್ಬನ ಪುಸ್ತಕವನ್ನು ಮೊದಲು ಓದುವುದು ಉತ್ತಮ. ಕಲ್‌ಷಾನ ಮೊದಲ ಪುಸ್ತಕವನ್ನು ಎರಡನೆಯದಾಗಿ ಓದಬಹುದು. ಗೈಸ್‌ಬರ್ಗನನ್ನು ಓದುವಾಗ ಗೌಹರ್ ಜಾನಳ ಹಾಡೊಂದನ್ನು ಕೊನೆಯ ವರೆಗೆ ಕೇಳಬೇಕು. ಲೆಗ್ಗನನ್ನು ಓದುವಾಗ ಶ್ರೀವಿದ್ಯಾ ಅಂಕಿತದ ಕೃತಿಯೊಂದನ್ನು ಕೇಳಬೇಕು. ಪುಸ್ತಕವು ಬಿಟ್ಟುದನ್ನು ಕಿವಿಯು ತುಂಬಿಕೊಡುತ್ತದೆ. ಹಾಗೆಯೇ ಈ ನಾಡಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿ ಕೂದಲು ನರೆಸಿಕೊಂಡ ಹಿರಿಯರು ಇನ್ನೂ ಇರುವಲ್ಲಿ, ಅವರ ನೆನಪುಗಳನ್ನು ಅವರ ಬಾಯಿಂದಲೇ ಬರೆದುಕೊಳ್ಳುವುದು ಮನೆಮನೆಯ ವಿದ್ಯಾವಂತರ ಕರ್ತವ್ಯವಾಗಿದೆ.